ಬಟ್ಟೆಯಲ್ಲಿ ಸೋಸಿದ ಪೆಟ್ರೋಲು

ಕೈಯಿಂದ ಪೆಟ್ರೋಲಿನ ವಾಸನೆ ಹೋಗಿ ಇಪ್ಪತ್ತು ದಿನದ ಮೇಲಾಗಿತ್ತು. ಭಾಲ್ಕಿಯಲ್ಲಿ ಬಸ್ಸಿಳಿದ ಎಲೀಷ ಹಳೆಯ ರೂಢಿಯಂತೆ ಅಂಗೈಯನ್ನು ಮೂಗಿನ ಹತ್ತಿರ ಒಯ್ದ. ಬಸ್ಸಿನ ಕಂಬಿಯ ಕಬ್ಬಿಣ, ಬೆವರು, ಅಷ್ಟೇ. ಏಳು ವರ್ಷ ಹೆಂಡತಿ ಜ್ಞಾನಮ್ಮ ಆ ವಾಸನೆಯನ್ನು ಬೈದಿದ್ದಳು, ನೀ ಮುಟ್ಟಿದ ರೊಟ್ಟಿಗೂ ಅದೇ ಹತ್ತುತ್ತದೆ ಎಂದು. ಈಗ ಠಾಣಾ ಕುಶನೂರಿನ ಅವಳ ಅಣ್ಣನ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿಯುವಾಗ ಆ ವಾಸನೆ ಇಲ್ಲದ ಕೈ ಬೇರೆ ಯಾರದೋ ಎನಿಸುತ್ತಿತ್ತು. ಅಂಗಿಯ ಕಿಸೆಯಲ್ಲಿ ಕಚೇರಿಯ ಕಾಗದವಿತ್ತು. ಬೀದರಕ್ಕೆ ಬಂದು ಮೂರು ಗಂಟೆಗೆ ಹಾಜರಾಗಬೇಕು. ನವೆಂಬರ ಒಂದನೇ ತಾರೀಖು, ನಾಡೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ದಿನ, ಮಲ್ಲಿಕಾರ್ಜುನಪ್ಪನವರ ವಿಮಾನ ನೆಲ ಬಿಟ್ಟ ಗಳಿಗೆಗೇ ಇಂಜಿನ್ನಿನ ಶಕ್ತಿ ಹೋಗಿ ತೊಗರಿ ಹೊಲದಲ್ಲಿ ಬಿದ್ದದ್ದು ಯಾಕೆ ಎಂದು ಪೆಟ್ರೋಲು ತುಂಬಿದವನು ಹೇಳಬೇಕು. ಎಲೀಷನಿಗೆ ಅದು ಗೊತ್ತಿತ್ತು. ಗೊತ್ತಿದ್ದುದರ ಭಾರಕ್ಕೆ ಅವನು ಬಸ್ಸಿನಲ್ಲಿ ಒಂದು ಸಲವೂ ಕಣ್ಣು ಮುಚ್ಚಿರಲಿಲ್ಲ, ತೆರೆದೂ ಏನನ್ನೂ ನೋಡಿರಲಿಲ್ಲ.

ಬೀದರದ ರೈಲು ಹತ್ತುವ ಮೊದಲು ತಮ್ಮ ಮನೆಗೆ ಬಂದು ಹೋಗಬೇಕೆಂದು ಮಲ್ಲಿಕಾರ್ಜುನಪ್ಪ ಹೇಳಿ ಕಳಿಸಿದ್ದರು. ಭಾಲ್ಕಿಯಲ್ಲಿ ಅವರ ಹತ್ತಿಯ ಗಿರಣಿ, ಬೇಳೆಯ ಗಿರಣಿ. ಹೈದರಾಬಾದಿನ ಒಬ್ಬ ಜಾಗೀರದಾರ ಮಾರಲಿಟ್ಟ ವಿಮಾನವನ್ನು ಕೊಂಡು ಬೀದರದ ಹೊರಗಿನ ಕೆಂಪು ಮೈದಾನದಲ್ಲಿ ಇಟ್ಟವರು. ಎಲೀಷ ಎಂದಿನಂತೆ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಇಂಥ ಹೊತ್ತಿನಲ್ಲಿ ಅವನಿಗೆ ಬರುತ್ತಿದ್ದುದು ಗೂಡಿನಲ್ಲಿ ಬೇರೆಯಾಗಿ ಇಟ್ಟ ಗಿಲಾಸು. ಇವತ್ತು ಬಶಿಯ ಮೇಲಿಟ್ಟ ಕಪ್ಪು ಬಂತು, ಅಂಚಿಗೆ ನೀಲಿ ಬಳ್ಳಿ. ಅವನು ಅದನ್ನು ಹಿಡಿದುಕೊಂಡ. ಬಿಸಿ ಬೆರಳಿಗೆ ಹತ್ತಿದರೂ ಎಲ್ಲಿಡಬೇಕೋ ತಿಳಿಯಲಿಲ್ಲ.

"ಜ್ಞಾನಮ್ಮ ಆರಾಮ ಇದ್ದಾಳಿಲ್ಲೋ?" ಎಂದರು ಮಲ್ಲಿಕಾರ್ಜುನಪ್ಪ.

"ಆರಾಮ ಇದ್ದಾಳ್ರಿ ಸಾವ್ಕಾರ್ರ."

"ಚಾ ಕುಡಿ, ಆರ್ತದ." ಅವರು ಹೆಗಲ ಮೇಲಿನ ವಸ್ತ್ರ ಸರಿ ಮಾಡಿಕೊಂಡರು. "ನೋಡು, ಅವ್ರು ಕೇಳ್ತಾರ, ಪೆಟ್ರೋಲ ಹ್ಯಾಂಗ ಸೋಸ್ದಿ ಅಂತ. ದಿನಾ ಹ್ಯಾಂಗ ಸೋಸ್ತಿದ್ದೆ ಹಂಗೇ ಸೋಸ್ದೆ ಅನ್ನು. ಮುಗೀತು. ಪೂಜಿ ಮಾತ ನಡುವ ತರಬ್ಯಾಡ. ಮಠದ ಸ್ವಾಮಿಗೋಳ ಹೆಸರು ಕಚೇರಿ ಕಾಗದದಾಗ ಬಂದರ ಛಂದ ಇರೂದಿಲ್ಲ."

"ಪೈಲಟ್ ಸಾಹೇಬರದು ಹ್ಯಾಂಗ್ರಿ?"

"ಅವನ ಕೈ ತಪ್ಪ್ಯದ ಅಂತ ಜನ ಅಂತಾರ. ನಾ ಏನೂ ಅಂದಿಲ್ಲಪ್ಪ." ಅವನ ಕೈಯ ಕಪ್ಪಿನ ಕಡೆ ನೋಡಿ, "ಮೈದಾನದಾಗಿನ ಖೋಲಿ ನಿಂದೇ ಅದ. ಜ್ಞಾನಮ್ಮನ್ನ ಕರ್ಕೊಂಡು ಬಂದ್ಬಿಡು. ಎಷ್ಟು ದಿನ ಭಾವನ ಮನ್ಯಾಗ ಇರ್ತಿ?" ಎಂದರು.

ಅವರ ಮಾತಿನಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೆ ಹಗುರಾಗುತ್ತಿತ್ತು. ಚಹ ಮುಗಿಸಿದ ಎಲೀಷ ಎದ್ದು ಹಿತ್ತಿಲ ಕಡೆಯ ಬಚ್ಚಲ ಕಲ್ಲಿಗೆ ಹೋಗಿ ಕಪ್ಪನ್ನೂ ಬಶಿಯನ್ನೂ ತೊಳೆದು ಬೋರಲಿಟ್ಟ. ತೊಳೆದ ಮೇಲೆ, ಇವತ್ತು ತೊಳೆಯಬೇಕಾಗಿತ್ತೋ ಬಿಡಬೇಕಾಗಿತ್ತೋ ಎಂದು ನಾಚಿಕೆಯಾಯಿತು. ಮಲ್ಲಿಕಾರ್ಜುನಪ್ಪ ಬೇಕೆಂದೇ ಬೀದಿಯ ಕಡೆ ನೋಡುತ್ತಿದ್ದರು.

ಮುನೀಮ ಏಕನಾಥ ಸ್ಟೇಶನ್ನಿನವರೆಗೆ ಜೊತೆಗೆ ಬಂದ. ಸಣಕಲು ಮನುಷ್ಯ, ಛತ್ರಿ ಬಿಟ್ಟು ಹೊರಗೆ ಬೀಳದವನು. ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ ಕೊನೆಗೆ ಹೇಳಿದ: "ನಾ ಏನ್ ಇಮಾನದ ಸಾಲಿ ಕಲ್ತೇನೇನೋ? ಬಟ್ಟಿಗೂ ತೊಗಲಿಗೂ ಏನ್ ಫರಕ್ ಅದ ಅಂತ ನನಗ ಹ್ಯಾಂಗ ಗೊತ್ತಾಗ್ಬೇಕು? ನೀ ಒಂದ್ ಮಾತ ಅಂದಿದ್ದರ, ಎಲೀಷ, ಒಂದೇ ಒಂದ್ ಮಾತ, ನಾ ಸಾವ್ಕಾರ್ರ ಕಾಲು ಹಿಡ್ದು ಹೇಳ್ತಿದ್ದೆ."

"ಹೌದ್ರಿ," ಎಂದ ಎಲೀಷ. ಒಂದು ಮಾತು. ವಿಮಾನ ಬಿದ್ದ ಬೆಳಿಗ್ಗೆ ಅದು ಅವನ ಬಾಯಲ್ಲಿ ಇತ್ತು. ನಾಲಿಗೆಯ ಮೇಲೆ ಬಂದು ಕೂತಿತ್ತು. ಮೈದಾನದಲ್ಲಿ ಆಗಲೇ ಹಂದರ ಹಾಕಿದ್ದರು. ಅಡ್ಡ ಮಲಗಿಸಿ ಇಡುವ ಪೆಟ್ರೋಲಿನ ಡ್ರಮ್ಮುಗಳನ್ನು ಅಂದಕ್ಕೆಂದು ನಾಲ್ಕು ದಿನ ಮೊದಲೇ ಎತ್ತಿ ನಿಲ್ಲಿಸಿ ಸುಣ್ಣ ಹೊಡೆದಿದ್ದರು. ಎರಡು ರಾತ್ರಿ ಮಳೆ ಬಂದು ಡ್ರಮ್ಮಿನ ತಲೆಯ ಮೇಲೆ ನೀರು ನಿಂತಿತ್ತು. ನಿಂತ ನೀರನ್ನು ಡ್ರಮ್ಮು ತಂಪಿಗೆ ಒಳಗೆ ಎಳೆದುಕೊಳ್ಳುತ್ತದೆ, ಬಿರಡೆ ಎಷ್ಟೇ ಬಿಗಿಯಿರಲಿ. ಅದಕ್ಕೇ ತೊಗಲು. ಲಾಳಿಕೆಯ ಮೇಲೆ ತೊಗಲು ಹಾಸಿ ಸೋಸಿದರೆ ಪೆಟ್ರೋಲು ಇಳಿಯುತ್ತದೆ, ನೀರು ಮಣಿಮಣಿಯಾಗಿ ಮೇಲೆ ಉಳಿಯುತ್ತದೆ. ಬಟ್ಟೆ ಎರಡನ್ನೂ ಬಿಡುತ್ತದೆ, ನೀರು ಹೊಕ್ಕ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಈ ವಿದ್ಯೆಯಿಂದಲೇ ಅವನಿಗೆ ನೌಕರಿ ಸಿಕ್ಕಿದ್ದು. ಮೊದಲ ದಿನ ಪೈಲಟ್ ನಿಜಾಮೋದ್ದೀನ ಸಾಹೇಬರು ಒಣಗಿ ಹಪ್ಪಳವಾಗಿದ್ದ ಒಂದು ತೊಗಲನ್ನು ಎಸೆಯಲು ಹೊರಟಿದ್ದರು. ಎಲೀಷ ಅದನ್ನು ಕೇಳಿ ಇಸಿದುಕೊಂಡು ಮೂರು ದಿನ ಬೆರಳಲ್ಲಿ ತಿಕ್ಕಿ ತಿಕ್ಕಿ ಕಿವಿಯ ಹಾಲೆಯಷ್ಟು ಮೆತ್ತಗೆ ಮಾಡಿ ತಂದುಕೊಟ್ಟಿದ್ದ. ಎಲ್ಲಿ ಕಲಿತೆ ಎಂದು ಸಾಹೇಬರು ಕೇಳಿದಾಗ, ನಮ್ಮೂರು ಡಾಬಕಾದಲ್ಲಿ ಅಪ್ಪ ತೊಗಲು ಹದ ಮಾಡುತ್ತಿದ್ದ ಎನ್ನಲು ಬಾಯಿ ಬಂದಿರಲಿಲ್ಲ. ಮಿಶನ್ನಿನವರು ಅಪ್ಪನಿಗೆ ಹೊಸ ಹೆಸರು ಕೊಟ್ಟು ಹತ್ತು ವರ್ಷವಾದರೂ ಊರಿನವರು ಹಳೆಯ ಜಾತಿಯಿಂದಲೇ ಕೂಗುತ್ತಿದ್ದರು. ಅಪ್ಪನೂ ಹಳೆಯ ಹೆಸರಿಗೇ ಓಗೊಡುತ್ತಿದ್ದ.

ಆ ಬೆಳಿಗ್ಗೆ ಏಕನಾಥ ಬಂದು ಮೆಲ್ಲಗೇ ಹೇಳಿದ್ದ. ಕೆಟ್ಟ ದನಿಯಲ್ಲ. "ಎಲೀಷ, ಇವತ್ತ ಆ ತೊಗಲ ಬ್ಯಾಡೋ ಮಾರಾಯ. ಸ್ವಾಮಿಗೋಳು ಮುಟ್ಟಿ ಪೂಜಿ ಮಾಡೋ ಇಮಾನ. ಇಕಾ, ಮಡಿ ಧೋತ್ರ. ನಾಕ್ ಪದರ ಮಾಡಿ ಸೋಸು, ಧೂಳ ಹಿಡೀತದ." ಹೊಸ ಧೋತರದ ಗಂಜಿಯ ವಾಸನೆ. ಸುತ್ತ ನಾಲ್ಕೈದು ಜನ ನಿಂತಿದ್ದರು. ಅದರಲ್ಲೊಬ್ಬ ಅವನ ಕೈಯನ್ನೂ ಕೈಯಲ್ಲಿದ್ದ ತೊಗಲನ್ನೂ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆ ಒಂದು ಹೆಜ್ಜೆ. ಎಲೀಷ ತೊಗಲನ್ನು ಮಡಚಿ ಖೋಲಿಯಲ್ಲಿಟ್ಟು ಬಂದ. ಬಂದವನು ಬಟ್ಟೆ ಹಾಸಿದ. ಆಗಲೇ ಆ ಮಾತು ನಾಲಿಗೆಗೆ ಬಂದದ್ದು, ಇದರಾಗ ನೀರು ಇಳೀತದ್ರಿ ಎಂದು. ಅದನ್ನು ಯಾವುದು ತಡೆಯಿತು ಎಂದು ಇಪ್ಪತ್ತು ದಿನದಿಂದ ಕೇಳಿಕೊಳ್ಳುತ್ತಿದ್ದಾನೆ. ಅಂಜಿಕೆ ಎಂದರೆ ನಿಜ. ಆದರೆ ಅಂಜಿಕೆಯ ಕೆಳಗೆ ಇನ್ನೊಂದು ಇತ್ತು, ಸಣ್ಣದು, ಬೆಚ್ಚಗಿನದು. ಬಟ್ಟೆ ಬೇಕಲ್ಲ ಇವರಿಗೆ, ಬಟ್ಟೆಯೇ ಆಗಲಿ. ಹೀಗೆ ಅಂದುಕೊಂಡಾಗ ಒಂದು ಸುಖವಾಗಿತ್ತು. ಅದನ್ನು ಅವನು ಜ್ಞಾನಮ್ಮನಿಗೂ ಹೇಳಿರಲಿಲ್ಲ. ಭಾನುವಾರ ದೇವರ ಮುಂದೆ ಮೊಣಕಾಲೂರಿದಾಗ ಕೂಡ ಅಂಜಿಕೆಯನ್ನಷ್ಟೇ ಹೇಳಿ ಎದ್ದುಬಂದಿದ್ದ.

ರೈಲಿನಲ್ಲಿ ಕೂಡಲು ಜಾಗ ಸಿಕ್ಕಿತು. ಎದುರಿಗೆ ಪಟಕಾ ಸುತ್ತಿದ ಒಬ್ಬ ರೈತ, ಅವನ ಹೆಂಡತಿ, ಎಲೆ ಅಡಿಕೆ ಚೀಲದ ಇನ್ನೊಬ್ಬ. ಹಲಬರ್ಗಾದಲ್ಲಿ ಗಾಡಿ ನಿಂತಾಗ ಹೊರಗೆ ತೊಗರಿ ಎದೆಯೆತ್ತರ ನಿಂತಿತ್ತು, ಹೂವು ಉದುರಿ ಕಾಯಿ ಕಟ್ಟುತ್ತಿತ್ತು. ಅದನ್ನು ನೋಡಿಯೇ ಮಾತು ಹೊರಟಿತು.

"ಬೀದರದಾಗ ಈ ಸಲ ತೊಗರಿಗೆ ಚೆಂಡುಹೂ ಬಿಟ್ಟಾವಂತಲ್ಲೋ," ಎಂದ ಪಟಕಾದವನು. "ಇಮಾನದಾಗಿಂದ ಭಾಲ್ಕಿ ಮ್ಯಾಲ, ಔರಾದ ಮ್ಯಾಲ ಸುರಿಯೂ ಹೂವೆಲ್ಲ ಒಂದೇ ಹೊಲದಾಗ ಸುರದ್ವು."

"ನಗ್ತೀರಿ," ಎಂದ ಎಲೆ ಅಡಿಕೆಯವನು. "ಆ ನಿಜಾಮೋದ್ದೀನ ಬೇಕಂತ ಇಂಜಿನ್ ಬಂದ್ ಮಾಡ್ಯಾನ. ಹೈದ್ರಾಬಾದ ಒಡೀತಲ್ಲ, ಹೊಟ್ಟಿ ಉರೀತು. ಎಲ್ಲಾರೂ ಅಂತಾರ."

"ಅಲ್ರೀ ಅಣ್ಣಾ," ಎಂದಳು ರೈತನ ಹೆಂಡತಿ, "ಹೊಟ್ಟಿ ಉರದವ ಮಂದಿನ ಕೆಡವ್ತಾನ. ತಾನೇ ಕೂತಿದ್ದನ್ನ ಕೆಡವ್ತಾನೇನ್ರೀ? ನಿಮ್ಮ ಹೊಟ್ಟಿ ಉರದರ ನೀವು ಬಾವ್ಯಾಗ ಬೀಳ್ತೀರೇನು?"

ಎಲ್ಲರೂ ನಕ್ಕರು, ಎಲೆ ಅಡಿಕೆಯವನೂ ನಕ್ಕ. ನಕ್ಕ ಮೇಲೂ ತನ್ನ ಮಾತನ್ನು ಅವನು ಹಿಂದೆ ತೆಗೆದುಕೊಳ್ಳಲಿಲ್ಲ. ಎಲೀಷ ಮುಂದಕ್ಕೆ ಬಾಗಿದ. ನಾನು ಅಲ್ಲೇ ಇದ್ದೆ ಅನ್ನಬೇಕು. ಅಂದರೆ, ನೀನು ಯಾರು ಎಂದು ಕೇಳುತ್ತಾರೆ. ಅವನು ಕಿಟಕಿಗೆ ತಲೆ ಆನಿಸಿದ. ಗಾಲಿಯ ಸದ್ದು ತಲೆಯೊಳಗೇ ಹೊಕ್ಕಿತು. ಆ ದಿನ ವಿಮಾನದ ಮೂತಿಯ ಪಂಖಾ ತಿರುಗಿದ ಸದ್ದು. ಹಿಂದಿನ ಬಾಲ ಎದ್ದಿತು, ಗಾಲಿಗಳು ನೆಲ ಬಿಟ್ಟವು, ಹಗ್ಗದ ಆಚೆ ನಿಂತಿದ್ದ ಜನರೆಲ್ಲ ಕೈ ಎತ್ತಿ ಕೂಗಿದರು. ಎರಡಾಳು ಎತ್ತರಕ್ಕೆ ಹೋದಾಗ ಇಂಜಿನ್ ಒಂದು ಸಲ ಕೆಮ್ಮಿತು. ಜನ ಅದನ್ನೂ ಸಲಾಮು ಎಂದುಕೊಂಡು ಚಪ್ಪಾಳೆ ಹೊಡೆದರು. ಎಲೀಷ ಹೊಡೆಯಲಿಲ್ಲ. ಮತ್ತೆ ಹಿಡಿಯಿತು, ಇನ್ನಷ್ಟು ಏರಿತು, ಮತ್ತೆ ಕೆಮ್ಮಿತು, ಆಮೇಲೆ ಕೆಮ್ಮಲೂ ಇಲ್ಲ. ಅಷ್ಟು ದೊಡ್ಡ ವಸ್ತು ಸದ್ದಿಲ್ಲದೆ ಆಕಾಶದಲ್ಲಿ ಇರುವುದನ್ನು ಅವನು ಎಂದೂ ನೋಡಿರಲಿಲ್ಲ. ಮೈದಾನ ಹಿಂದೆಯೇ ಇತ್ತು. ತಿರುಗಿಸಬೇಕಾಗಿತ್ತು ಎಂದು ಈಗ ಊರೆಲ್ಲ ಹೇಳುತ್ತದೆ. ಇಂಜಿನ್ ಸತ್ತಾಗ ತಿರುಗಿದರೆ ರೆಕ್ಕೆ ಜಾರಿ ತಲೆ ಕೆಳಗಾಗಿ ಬೀಳುತ್ತದೆ, ಮೂಗಿನ ನೇರಕ್ಕೇ ಇಳಿಸಬೇಕು, ಮುಂದೆ ಹೊಲವಿರಲಿ ಹಳ್ಳವಿರಲಿ ಎಂದು ಸಾಹೇಬರೇ ಒಂದು ದಿನ ಅಂಗೈಯನ್ನು ವಿಮಾನ ಮಾಡಿ ತೋರಿಸಿದ್ದರು. ಅವರು ನೇರಕ್ಕೇ ಇಳಿಸಿದರು. ಗಾಲಿ ಬದುವಿಗೆ ಬಡಿಯಿತು. ಎಲೀಷ ಓಡಿ ಹೋದಾಗ ಮುರಿದ ತೊಗರಿಯ ಹಸಿ ವಾಸನೆ, ಎಲ್ಲೆಲ್ಲೂ ಚೆಂಡುಹೂ, ನಡುವೆ ಸಾಹೇಬರ ಕಾಲು ಕಾಲಿನಂತೆ ಕಾಣದ ರೀತಿಯಲ್ಲಿ ಮಡಚಿಕೊಂಡಿತ್ತು. ಆಗಲೇ ಇಬ್ಬರು ಹೆಂಗಸರು ಉಡಿಯಲ್ಲಿ ಹೂವು ಆರಿಸುತ್ತಿದ್ದರು. ಅವರನ್ನು ಬೈದ. ಬೈಯಲು ಅವರು ಸಿಕ್ಕಿದ್ದರು.

ದವಾಖಾನೆಗೆ ಹೋಗುವುದೋ ಬೇಡವೋ ಎಂದು ಬೀದರ ಸ್ಟೇಶನ್ನಿನಲ್ಲಿ ಬಹಳ ಹೊತ್ತು ನಿಂತ. ಕಾಲೇ ಆ ಕಡೆ ಹೊರಟಿತು. ಮಂಚದ ಮೇಲೆ ನಿಜಾಮೋದ್ದೀನ ಸಾಹೇಬರು ಮಲಗಿದ್ದರು. ಎಡಗಾಲಿಗೆ ತೊಡೆಯವರೆಗೆ ಪಟ್ಟಿ, ತುದಿಗೆ ಹಗ್ಗ, ಹಗ್ಗಕ್ಕೆ ತೂಗುಬಿಟ್ಟ ಕಲ್ಲು. ಪಕ್ಕದಲ್ಲಿ ತಾಯಿ ಹಮೀದುನ್ನಿಸಾ ಬೀಸಣಿಗೆ ಹಿಡಿದು ಕೂತಿದ್ದರು. ಎಲೀಷನನ್ನು ನೋಡಿ, "ಬಾ ಬೇಟಾ. ನೀ ಒಬ್ಬನಾದ್ರೂ ಬಂದಿ. ಆ ಸಾವ್ಕಾರನ ಮನಿ ನಾಯಿ ಸೈತ ಈ ಕಡಿ ಹಾದಿಲ್ಲ," ಎಂದು ಸ್ಟೂಲನ್ನು ಅವನ ಕಡೆ ನೂಕಿ, ನೀರು ತರಲು ಎದ್ದು ಹೋದರು.

ಎಲೀಷ ಕೂಡಲಿಲ್ಲ. ಹೇಳಬೇಕಾದ್ದನ್ನು ನಿಂತೇ ಹೇಳಿದ, ಕಾಲಿಗೆ ಕಟ್ಟಿದ ಕಲ್ಲನ್ನು ನೋಡುತ್ತ. "ಸಾಹೇಬ, ಅವತ್ತ ನಾ ತೊಗಲಲೆ ಸೋಸಿದ್ದಿಲ್ರಿ. ಬಟ್ಟೀಲೆ ಸೋಸಿದ್ದೆ."

"ಗೊತ್ತದ," ಎಂದರು ನಿಜಾಮೋದ್ದೀನ.

ಎಲೀಷ ತಲೆ ಎತ್ತಿದ.

"ನಾ ನೋಡ್ದೆನೋ. ಲಾಳಿಕಿ ಮ್ಯಾಲ ಬಿಳೀ ಬಟ್ಟಿ. ನೀನೂ ನನ್ನ ನೋಡ್ದಿ. ಇಬ್ರೂ ಆ ಕಡಿ ಮಾರಿ ತಿರಗಿಸ್ಕೊಂಡ್ವಿ." ಅವರು ಒಂದು ಸಲ ಉಸಿರು ಬಿಟ್ಟರು. "ಟಾಕೀ ಕೆಳಗಿನ ನಳ ಬಿಟ್ಟು ಒಂದ್ ಬಟ್ಟಲ ಪೆಟ್ರೋಲ ಹಿಡ್ದು ನೀರು ಅದ ಏನು ಅಂತ ನೋಡೂದಿತ್ತು. ಬೊಗ್ಗಿದೆ. ಸರೀ ಅದರ ಬುಡಕ್ಕ ರಂಗೋಲಿ ಹಾಕಿದ್ರು, ನಡುವ ಕುಂಕುಮ. ಅದರ ಮ್ಯಾಲ ಪೆಟ್ರೋಲ ಬಿಡ್ಲೇನು? ಅಷ್ಟ್ ಜನ, ಅಂಥಾ ದಿನ, ನನ್ನ ಹೆಸರು ನಿಜಾಮೋದ್ದೀನ. ಬಟ್ಟಿ ತೆಗೀರಿ, ಪೂಜಿ ನಿಲ್ಲಿಸ್ರಿ ಅಂದಿದ್ರ ಏನ್ ಅಂತಿದ್ರು? ನಿಜಾಮನ ರಾಜ್ಯ ಹೋಗಿ ಎಂಟ್ ವರ್ಷ ಆತು, ಬಾಯಿಗೆ ಬಂದ ಮಾತು ನುಂಗೂದೇ ಕಲ್ತೇನಿ. ಒಂದ್ ಸಲ ಹ್ಯಾಂಗೋ ಏರ್ತದ ಅಂದ್ಕೊಂಡೆ."

ಎಲೀಷ ಸ್ಟೂಲನ್ನು ಎಳೆದುಕೊಂಡು ಕೂತ. ಇಪ್ಪತ್ತು ದಿನ ಒಬ್ಬನೇ ಹೊತ್ತದ್ದರಲ್ಲಿ ಅರ್ಧ ಇಲ್ಲಿ ಮಂಚದ ಮೇಲೆ ಮಲಗಿತ್ತು. ಹಗುರಾಗಬೇಕಾಗಿತ್ತು. ಆಗಲಿಲ್ಲ. ಸಾಹೇಬರ ಹೊಟ್ಟೆಯಲ್ಲಿ ಇದ್ದದ್ದು ಅಂಜಿಕೆ ಮಾತ್ರ. ತನ್ನ ಹೊಟ್ಟೆಯಲ್ಲಿ ಇದ್ದ ಆ ಬೆಚ್ಚಗಿನ ಸಣ್ಣದು ಅವರಲ್ಲಿ ಇರಲಿಲ್ಲ. ಅದನ್ನು ಹೇಳೋಣವೆಂದು ಬಾಯಿ ತೆರೆದ.

"ನೀ ಏನೂ ಹೇಳಬ್ಯಾಡ ಅಲ್ಲಿ," ಎಂದರು ಸಾಹೇಬರು. ಅವರಿಗೆ ಅವನು ಬೇರೆಯದನ್ನು ಹೇಳಲು ಹೊರಟಿದ್ದಾನೆ ಎಂದು ತಿಳಿದಿರಲಿಲ್ಲ. "ತೊಗಲಲೆ ಸೋಸ್ದೆ ಅಂದ್ಬಿಡು. ಬಟ್ಟಿ ಸುದ್ದಿ ಹೊರಗ ಬಿದ್ದರ, ನೀ ನೋಡಿದ್ದೇನು ಅಂತ ನನ್ನ ಕೇಳ್ತಾರ. ನೋಡೀನೂ ಸುಮ್ನಿದ್ದ ಅಂದ್ರ, ಬೇಕಂತ ಕೆಡವ್ದ ಅನ್ನೂದು ಖರೇ ಆಗ್ತದ. ಈಗ ಬರೇ ನಡಸ್ಲಿಕ್ಕೆ ಬಾರದವ ಅಂತಾರ. ಲೈಸನ್ಸ್ ಹೋಗ್ತದ. ಹೋಗ್ಲಿ. ಗದ್ದಾರ, ದ್ರೋಹಿ ಅನ್ನಿಸ್ಕೊಳ್ಳೂದಕ್ಕಿಂತ ಅದು ಛಲೋ."

ಹಮೀದುನ್ನಿಸಾ ನೀರು ತಂದು ತಂಬಿಗೆಯನ್ನೇ ಅವನ ಕೈಗೆ ಕೊಟ್ಟರು. ಅವನು ಎತ್ತಿ ಕುಡಿಯುವುದನ್ನು ನೋಡುತ್ತ, ಮಗ ಇನ್ನು ವಿಮಾನ ಹತ್ತುತ್ತಾನೋ ಇಲ್ಲವೋ ಎಂದು ಡಾಕ್ಟರನ್ನು ಕೇಳು, ನನಗೆ ಅವರ ಇಂಗ್ಲಿಷು ತಿಳಿಯುವುದಿಲ್ಲ ಎಂದರು. ಮಗನಿಗೆ ಅದೊಂದೇ ಬರುತ್ತದೆ, ಬೇರೆ ಏನೂ ಬರುವುದಿಲ್ಲ ಎಂದರು. ಮಗ ಗೋಡೆಯ ಕಡೆ ಮುಖ ಮಾಡಿದ್ದ.

ಕಚೇರಿಯಲ್ಲಿ ವಿಚಾರಣೆಗೆ ಬಂದಿದ್ದವರು ಮೈಸೂರು ಕಡೆಯ ಅಧಿಕಾರಿ, ವಯಸ್ಸಾದವರು, ಕನ್ನಡಕ ತೆಗೆದು ತೆಗೆದು ಕಣ್ಣು ಒತ್ತಿಕೊಳ್ಳುತ್ತಿದ್ದರು. ಪಕ್ಕದ ಮೇಜಿನಲ್ಲಿ ಗುಮಾಸ್ತ ನರಸಿಂಗ. ಮೊನ್ನೆಯವರೆಗೆ ಉರ್ದುವಿನಲ್ಲಿ ಬರೆದ ಕೈ ಅವನದು, ಈಗ ಕನ್ನಡದ ಒಂದೊಂದು ಅಕ್ಷರವನ್ನೂ ಮುಳ್ಳು ಕೀಳುವಂತೆ ಬರೆಯುತ್ತಿದ್ದ.

"ಕೂತ್ಕೋಪ್ಪ. ಓದೋಕೆ ಬರುತ್ತಾ?"

"ಕೂಡಿಸಿ ಓದ್ತೇನ್ರಿ. ಮಿಶನ್ ಸಾಲ್ಯಾಗ ಮೂರನೇ ತನಕ ಕಲ್ತೇನಿ."

"ಸರಿ. ಅವತ್ತು ಪೆಟ್ರೋಲ್ ಹೇಗೆ ಸೋಸಿದೆ?"

ದಿನಾ ಹ್ಯಾಂಗ ಸೋಸ್ತಿದ್ದೆ ಹಂಗೇ. ಮಾತು ತಯಾರಾಗಿಯೇ ಇತ್ತು. ಸಾವುಕಾರರು ಕೊಟ್ಟದ್ದು, ಸಾಹೇಬರೂ ಕೊಟ್ಟದ್ದು. ಮೇಲಿನವರಿಬ್ಬರೂ ಒಂದೇ ಮಾತು ಕೊಟ್ಟಿದ್ದರು, ಅದನ್ನು ಎತ್ತಿ ಇಟ್ಟರೆ ಸಾಕು. ಹಾಗೆಂದರೆ ನಾಳೆ ಸಂಜೆಗೆ ಜ್ಞಾನಮ್ಮ ಮೈದಾನದ ಖೋಲಿಯಲ್ಲಿ ಒಲೆ ಹೊತ್ತಿಸುತ್ತಾಳೆ. ಹಾಗೆಂದರೆ ಮಂಚದ ಮೇಲಿನ ಮನುಷ್ಯ ವಿಮಾನ ನಡೆಸಲು ಬಾರದವನಾಗುತ್ತಾನೆ, ರೈಲಿನಲ್ಲಿ ಎಲೆ ಅಡಿಕೆ ಅಗಿಯುವವರಿಗೆ ಅದಕ್ಕಿಂತ ಹೆಚ್ಚಿನವನೂ ಆಗುತ್ತಾನೆ.

"ಬಟ್ಟೀಲೆ ಸೋಸ್ದೆರಿ," ಎಂದ ಎಲೀಷ.

ನರಸಿಂಗನ ಲೇಖಣಿಯ ಟಾಕು ನಿಂತಿತು. ಅಧಿಕಾರಿ ಕನ್ನಡಕ ಹಾಕಿಕೊಂಡರು. ಬಟ್ಟೆ ಯಾರು ಕೊಟ್ಟರು ಎಂದು ಕೇಳಿದರು.

"ಮುನೀಮ ಏಕನಾಥರು ಕೊಟ್ರು. ಪೂಜಿ ಇತ್ತು, ತೊಗಲ ಬ್ಯಾಡಂದ್ರು. ಅದರಾಗ ನೀರು ಇಳೀತದ ಅಂತ ಕೊಟ್ಟವ್ರಿಗೆ ಗೊತ್ತಿದ್ದಿಲ್ರಿ. ನನಗ ಗೊತ್ತಿತ್ತು."

"ಗೊತ್ತಿದ್ದೂ ಯಾಕಪ್ಪ ಹೇಳಲಿಲ್ಲ?"

"ಅಂಜಿದ್ದೆರಿ." ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ದೇವರ ಮುಂದೆ ನಿಲ್ಲಿಸಿದ್ದ. "ಅಂಜಿಕಿ ಅಷ್ಟೇ ಅಲ್ರಿ. ಸಿಟ್ಟೂ ಇತ್ತು. ಬಟ್ಟೀನೇ ಆಗ್ಲಿ, ಒಂದ್ ಸಲ ಇವರಿಗೇ ತಿಳೀಲಿ ಅಂತ ಅನಸ್ತು. ಅನಸಿದಾಗ ಸುಖ ಆಗಿತ್ರಿ."

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೂ ದಣಿವಾಗಿತ್ತು. "ನೋಡು, ಇದನ್ನೆಲ್ಲ ಬರೆಸಬೇಡ. ಅಜಾಗರೂಕತೆ ಅಂತ ಬರೀತೀವಿ. ನೌಕರಿ ಹೋಗುತ್ತೆ, ಅಷ್ಟೇ. ನೀನು ಹೇಳಿದ ಹಾಗೇ ಬರೆದರೆ ಪೊಲೀಸಿನವರು ಬರ್ತಾರೆ."

"ಅಜಾಗರೂಕತಿ ಅಂದ್ರ ಪೈಲಟ್ ಸಾಹೇಬರಿಗೆ ಏನ್ ಆಗ್ತದ್ರಿ?"

"ಕೆಳಗಿನವನು ಮರೆತರೆ ಮೇಲಿನವನು ನೋಡಿಕೊಳ್ಳಬೇಕಿತ್ತು ಅಂತಾಗುತ್ತೆ. ಅವರು ಆ ಬಟ್ಟೆ ನೋಡಿದ್ದರಾ?"

ಕಿಟಕಿಯ ಆಚೆ ಯಾರೋ ಟಾಂಗಾದ ಕುದುರೆಗೆ ನೀರು ಕುಡಿಸುತ್ತಿದ್ದರು. ಏಳು ವರ್ಷದಲ್ಲಿ ಎಲೀಷ ಆ ತೊಗಲನ್ನು ಒಂದು ದಿನವೂ ಮರೆತು ಬಿಟ್ಟವನಲ್ಲ. ಅಜಾಗರೂಕತೆ ಎಂಬ ಮಾತು ಅವನಿಗೆ ಮೈಗೆ ಹತ್ತಿದ ಹೊಲಸಿನಂತೆ ಕಂಡಿತು. ಅದಕ್ಕಿಂತ ಪೊಲೀಸಿನವರು ವಾಸಿ. ಜ್ಞಾನಮ್ಮ ಏನನ್ನುತ್ತಾಳೆ ಎಂದು ಯೋಚಿಸಲು ಹೊರಟು, ಬಿಟ್ಟ.

"ಇಲ್ರಿ," ಎಂದ. "ಅವ್ರು ಬರೂದ್ರಾಗ ಬಟ್ಟಿ ಮಡಚಿ ಡ್ರಮ್ಮಿನ ಹಿಂದ ತುರುಕಿದ್ದೆ. ತೊಗಲಲೆ ಸೋಸ್ದೇನು ಅಂತ ಅವ್ರು ಕೇಳಿದ್ರು. ಹೌದ್ರಿ ಅಂದೆ. ನನ್ನ ಮಾತ ನಂಬಿ ಹತ್ತಿದ್ರು."

"ಅಂದರೆ ನೀನು ಅವರಿಗೆ ಮೋಸ ಮಾಡಿದೆ."

"ಮಾಡ್ದೆರಿ. ಹಂಗೇ ಬರೀರಿ."

ಅಧಿಕಾರಿ ನರಸಿಂಗನ ಕಡೆ ಕೈ ಮಾಡಿದರು. ಅವನು ಬರೆದು ಮುಗಿಸುವಷ್ಟರಲ್ಲಿ ಕಿಟಕಿಯ ಬಿಸಿಲು ಮೇಜು ದಾಟಿ ಗೋಡೆ ಹತ್ತಿತ್ತು. ಓದಿ ನೋಡಿ ಸಹಿ ಮಾಡು ಎಂದು ಕಾಗದವನ್ನು ಮುಂದೆ ನೂಕಿದರು. ಎಲೀಷ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸುತ್ತ ಕೆಳಗೆ ಇಳಿದ. ಬಟ್ಟೆಯ ಹತ್ತಿರ ಎರಡು ಸಲ ಹೊಡೆದು ಹಾಕಿ ತಿದ್ದಿತ್ತು. ಸಿಟ್ಟು ಎಂಬಲ್ಲಿ ಮಸಿ ಚೆಲ್ಲಿ ಒರೆಸಿತ್ತು. ಸುಖವಾಗಿತ್ತು ಎಂಬುದನ್ನು ನರಸಿಂಗ ಬರೆದು, ಅಳಿಸಿ, ಏನು ತಿಳಿಯಿತೋ, ಮತ್ತೆ ಬರೆದಿದ್ದ. ಕೊನೆಯ ಸಾಲು, ಪೈಲಟರು ಕೇಳಿದರು, ನಾನು ಹೌದೆಂದೆ ಎಂಬುದು, ಒಂದು ಕಾಟೂ ಇಲ್ಲದೆ ನೆಟ್ಟಗೆ ಕೂತಿತ್ತು. ಎಲೀಷ ಅದನ್ನು ಎರಡು ಸಲ ಓದಿದ. ಆಮೇಲೆ ಅದರ ಬುಡಕ್ಕೇ, ಜಾಗ ಬಿಡದೆ, ತನ್ನ ಹೆಸರು ಬರೆದ.